ಫ್ಯೂಸು ಕಿತ್ತ ಕಿಡಿಯಕ್ಕ

ಅವಳ ನಿಜವಾದ ಹೆಸರು ಹಿಡಿದು ವಿಚಾರಿಸಿದರೆ ನಮ್ಮ ಬೀದಿಯಲ್ಲಿ ಯಾರೂ ಮನೆ ತೋರಿಸುವುದಿಲ್ಲ. ಕಿಡಿಯಕ್ಕ ಎಂದರೆ ಬೀದಿನಾಯಿಯೂ ದಾರಿ ತೋರಿಸುತ್ತದೆ. ಗೇಟು, ಕಿಟಕಿ ಸರಳು, ಮೆಟ್ಟಿಲ ರೇಲಿಂಗು ಮಾಡುವ ವೆಲ್ಡಿಂಗ್ ಅಂಗಡಿ ಅವಳದು. ಎದುರುಗಡೆ ನನ್ನ ಬಣ್ಣದ ಅಂಗಡಿ. ಅವಳು ಬೆಸೆದ ಕಬ್ಬಿಣಕ್ಕೆ ನನ್ನ ಡಬ್ಬದ ಬಣ್ಣ. ಹೀಗಾಗಿ ನಮ್ಮಿಬ್ಬರ ಸಂಬಂಧವೂ ಗಟ್ಟಿ. ಇಲ್ಲಿ ಹೇಳುವುದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಉಳಿದರ್ಧ ಕರೆಂಟು ಹೋದಾಗಲೆಲ್ಲ ಅವಳು ನನ್ನ ಕಟ್ಟೆಯ ಮೇಲೆ ಬಂದು ಕೂತು ಹೇಳಿದ್ದು.

ಆ ಅಂಗಡಿ ಮೊದಲು ಅವಳ ಅಪ್ಪನದು. ಮೂವರು ಮಕ್ಕಳು: ದೊಡ್ಡಣ್ಣ, ನಡುವೆ ಇವಳು, ಕೊನೆಗೆ ತಮ್ಮ. ಗಂಡುಮಕ್ಕಳಿಬ್ಬರಿಗೂ ಮೀಸೆ ಮೂಡುವ ಮೊದಲೇ ಕೆಲಸ ಕಲಿಸಿದ ಅಪ್ಪ, ಮಗಳು ಕೇಳಿದರೆ "ನಿನ್ನ ಕಣ್ಣು ಹಾಳಾಗುತ್ತೆ, ಹೋಗು" ಎನ್ನುತ್ತಿದ್ದ. "ಅಣ್ಣನ ಕಣ್ಣೇನು ಕಲ್ಲಿನದಾ?" ಎಂದು ಇವಳು ತಿರುಗಿ ಕೇಳಿದ್ದಳಂತೆ. ಅಪ್ಪ ಊಟಕ್ಕೆ ಹೋದ ಹೊತ್ತು ನೋಡಿ, ಕಪ್ಪು ಗಾಜಿನ ಮುಖವಾಡ ಹಿಡಿದು, ಮುರಿದು ಬಿದ್ದಿದ್ದ ಒಂದು ಕುರ್ಚಿಯ ಕಾಲು ಬೆಸೆದಿಟ್ಟಳು. ಅಪ್ಪ ಬಂದು ಅದರ ಮೇಲೆ ಕೂತ. ಅತ್ತ ಇತ್ತ ಅಲ್ಲಾಡಿ ನೋಡಿದ. "ಓರೆಯಾಗಿದೆ" ಎಂದ. ಆಮೇಲೆ ಬೈಯುತ್ತಾನೆಂದು ಇವಳು ಕಾಯುತ್ತಿದ್ದರೆ, "ನಾಳೆ ನೆಟ್ಟಗೆ ಮಾಡು" ಎಂದು ಕೈ ತೊಳೆಯಲು ಹೋದ. ಅಂದಿನಿಂದ ಅವಳ ಕೈಗೆ ವೆಲ್ಡಿಂಗ್ ರಾಡು ಹಿಡಿಯುವ ಹೋಲ್ಡರು ಬಂತು, ಬೀದಿಯ ಬಾಯಿಗೆ ಕಿಡಿ ಎಂಬ ಹೆಸರು ಬಂತು.

ಅಪ್ಪ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡ. ಮೊದಲು ಹುಳಿತೇಗು, ಅದಕ್ಕೆಲ್ಲರೂ ಗ್ಯಾಸು ಎಂದರು. ಆಮೇಲೆ ಎರಡು ತುತ್ತಿಗೇ ಹೊಟ್ಟೆ ತುಂಬಿದಂತೆ ಅನ್ನಿಸತೊಡಗಿತು. ಅಂಗಿ ದೊಡ್ಡದಾಗುತ್ತ ಹೋಯಿತು. ನಿಜವಾಗಿ ಮನುಷ್ಯ ಸಣ್ಣಗಾಗುತ್ತಿದ್ದ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹೊತ್ತು ಮೀರಿತ್ತು. ಕೆಲವು ವರ್ಷಗಳ ಮೇಲೆ ದೊಡ್ಡಣ್ಣನೂ ಅದೇ ದಾರಿ ಹಿಡಿದ. ಅದೇ ತೇಗು, ಅದೇ ಗ್ಯಾಸಿನ ಮಾತ್ರೆ, ಅದೇ ದೊಡ್ಡದಾದ ಅಂಗಿ.

ಅಪ್ಪನ ಅಕ್ಕ ಒಬ್ಬಳಿದ್ದಾಳೆ, ಇವರಿಗೆಲ್ಲ ಸೋದರತ್ತೆ. ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಏನು ಮಾಡೋದು, ನಮ್ಮದು ಹೊಟ್ಟೆ ಸಾವಿನ ವಂಶ. ಹಣೇಲಿ ಬರೆದಿದ್ದನ್ನ ಅಳಿಸೋಕಾಗುತ್ತಾ?" ಎಂದಳು.

ಕಿಡಿಯಕ್ಕನಿಗೆ ಆ ಮಾತು ಕೇಳಿ ಮೈ ಉರಿಯಿತು. "ಅತ್ತೆ, ಅಪ್ಪ ನಮಗೆ ಬಿಟ್ಟುಹೋಗಿರೋದು ಅಂಗಡಿ. ಸಾವನ್ನ ಯಾರೂ ಪಾಲು ಮಾಡಿ ಕೊಟ್ಟಿಲ್ಲ" ಎಂದಳು. ಅತ್ತೆ ಮುಖ ತಿರುಗಿಸಿ ಕೂತಳು.

ದೊಡ್ಡಣ್ಣ ಇನ್ನೂ ಹಾಸಿಗೆಯಲ್ಲಿದ್ದಾಗಲೇ ಒಬ್ಬ ಡಾಕ್ಟರಮ್ಮ ಇವರನ್ನು ಹುಡುಕಿಕೊಂಡು ಬಂದಳು. ಚಿಕ್ಕ ವಯಸ್ಸು, ಮೆಲು ಮಾತು, ಕಿಸೆಯಲ್ಲಿ ನಾಲ್ಕೈದು ಪೆನ್ನು. ಹೊಟ್ಟೆಯ ಕ್ಯಾನ್ಸರ್ ಬಂದವರ ರಕ್ತ, ಬಾರದವರ ರಕ್ತ ಎರಡನ್ನೂ ಹೋಲಿಸಿ ನೋಡುವ ಒಂದು ಸಂಶೋಧನೆ ನಡೆದಿತ್ತು. ಅಕ್ಕ ತಮ್ಮ ಇಬ್ಬರ ರಕ್ತವೂ ಬೇಕು ಎಂದಳು.

"ಏನು ಹುಡುಕ್ತೀರ ಅದರಲ್ಲಿ?" ಎಂದಳು ಕಿಡಿಯಕ್ಕ.

ಡಾಕ್ಟರಮ್ಮ ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕೂತಳು. "ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಡಿಎನ್ಎ ಅಂತ ಒಂದು ಉದ್ದದ ಬರಹ ಇರುತ್ತೆ. ಮೈಯೆಲ್ಲ ಒಂದೇ ಬರಹ. ಆದ್ರೆ ಹೊಟ್ಟೆಯ ಕೋಶಕ್ಕೆ ಕಣ್ಣಿನ ಪಾಠ ಬೇಕಾಗಲ್ಲ ನೋಡಿ. ಬೇಡದ ಕಡೆ 'ಇದನ್ನ ಓದಬೇಡ' ಅಂತ ಸಣ್ಣ ಗುರುತು ಬೀಳುತ್ತೆ. ಮಿಥೈಲ್ ಗುರುತು ಅಂತೀವಿ. ಆ ಗುರುತು ಹಾಕೋಕೆ ಅಂತಾನೇ ಕೆಲವು ಕಿಣ್ವ ಇವೆ."

"ಸರಿ. ತಪ್ಪು ಕಡೆ ಬಿದ್ರೆ?"

"ಅದೇ ತೊಂದ್ರೆ. ಗಂತಿ, ಅಂದ್ರೆ ಕ್ಯಾನ್ಸರ್ ಗಡ್ಡೆ, ಬೆಳೀದ ಹಾಗೆ ತಡೆಯೋ ಪಾಠದ ಮೇಲೇ ಗುರುತು ಬಿದ್ದುಬಿಟ್ರೆ, ತಡೆಯೋರೇ ಇರಲ್ಲ. ಆ ಕಿಣ್ವ ತಯಾರಾಗೋ ಜೀನಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಒಂದೊಂದು ಅಕ್ಷರ ವ್ಯತ್ಯಾಸ ಇರುತ್ತೆ. ಇಂಥ ಅಕ್ಷರ ಇರೋರಿಗೆ ಈ ಕಾಯಿಲೆ ಸ್ವಲ್ಪ ಜಾಸ್ತಿ ಬರುತ್ತಾ ಅಂತ ನೋಡ್ತಿದ್ದೀವಿ."

"ಇಷ್ಟೊಂದು ಓದಿ ಇನ್ನೂ ನೋಡ್ತಾನೇ ಇದ್ದೀರ?"

ಡಾಕ್ಟರಮ್ಮ ನಕ್ಕಳು. "ಹೌದು. ಒಂದು ಕಡೆ ನೋಡಿದೋರು ಜಾಸ್ತಿ ಬರುತ್ತೆ ಅಂದ್ರು, ಇನ್ನೊಂದು ಕಡೆ ನೋಡಿದೋರು ಏನೂ ಸಂಬಂಧ ಇಲ್ಲ ಅಂದ್ರು. ಅದಕ್ಕೇ ಇನ್ನೂ ಜನ ಬೇಕು."

ಸುಳ್ಳು ಭರವಸೆ ಕೊಡದ ಆ ಮಾತು ಕಿಡಿಯಕ್ಕನಿಗೆ ಹಿಡಿಸಿತು. ಸುಟ್ಟ ಕಲೆಗಳಿದ್ದ ತೋಳನ್ನು ಚಾಚಿ, "ತಗೊಳ್ಳಿ. ಆದ್ರೆ ನನ್ನ ರಕ್ತದಲ್ಲಿ ಏನು ಸಿಕ್ತು ಅಂತ ನನಗೆ ಹೇಳ್ಬೇಕು" ಎಂದಳು. ಒಬ್ಬೊಬ್ಬರಿಗೆ ಹೇಳುವ ಪದ್ಧತಿಯಿಲ್ಲ, ಒಬ್ಬರ ಮಟ್ಟಿಗೆ ಅದರಿಂದ ತಿಳಿಯುವುದೂ ಕಮ್ಮಿ ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ಇವಳು ಪಟ್ಟು ಬಿಡಲಿಲ್ಲ. "ನನ್ನ ಮೈಯೊಳಗಿಂದು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ ಅಂದ್ರೆ ಯಾವ ನ್ಯಾಯ?" ಕಡೆಗೆ ಮೇಲಿನವರನ್ನು ಕೇಳಿ ಒಪ್ಪಿಸುವುದಾಗಿ ಡಾಕ್ಟರಮ್ಮ ಹೇಳಿದಳು. ತಮ್ಮನೂ ಕಣ್ಣು ಮುಚ್ಚಿಕೊಂಡು ತೋಳು ಕೊಟ್ಟ. ಕೆಂಪಗೆ ಕಾದ ಕಬ್ಬಿಣಕ್ಕೆ ಹೆದರದವನು ಸೂಜಿಗೆ ಹೆದರುತ್ತಿದ್ದ.

ದೊಡ್ಡಣ್ಣ ಹೋದ. ಅಂಗಡಿ ಮತ್ತೆ ತೆರೆಯಿತು. ಅಕ್ಕ ತಮ್ಮ ಇಬ್ಬರೇ ಉಳಿದರು.

ಫಲಿತಾಂಶ ಬಂದಾಗ ಡಾಕ್ಟರಮ್ಮ ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡಳು. ಆ ಒಂದು ಅಕ್ಷರದ ವ್ಯತ್ಯಾಸ ಅಕ್ಕನಲ್ಲಿತ್ತು, ತಮ್ಮನಲ್ಲಿ ಇರಲಿಲ್ಲ. ಬಿಡಿಸಿ ಬಿಡಿಸಿ ಹೇಳಿದಳು: ಇದ್ದ ಮಾತ್ರಕ್ಕೆ ಕಾಯಿಲೆ ಬರುತ್ತದೆಂದಲ್ಲ, ಇಲ್ಲದ ಮಾತ್ರಕ್ಕೆ ಬಾರದೆಂದೂ ಅಲ್ಲ, ತೂಕ ಸ್ವಲ್ಪ ಅತ್ತಿತ್ತ ಆಗಬಹುದು, ಅದೂ ಇನ್ನೂ ಖಚಿತವಲ್ಲ. ಅದಕ್ಕಿಂತ ದೊಡ್ಡ ವೈರಿ ಹೊಟ್ಟೆಯೊಳಗೆ ಬೀಡುಬಿಡುವ ಒಂದು ಸೂಕ್ಷ್ಮಾಣು. ವರ್ಷಾನುಗಟ್ಟಲೆ ಅದು ಕೆರೆದು ಗಾಯ ಮಾಡಿದ ಕಡೆಯಲ್ಲೇ ತಪ್ಪು ಗುರುತುಗಳು ಹೆಚ್ಚು ಬೀಳುತ್ತವೆ. ಅದಕ್ಕೆ ಮದ್ದಿದೆ. "ನಿಮ್ಮ ಮನೇಲಿ ಇಬ್ಬರು ಹೋಗಿದ್ದಾರೆ. ಅಕ್ಷರ ಇರಲಿ ಬಿಡಲಿ, ನೀವಿಬ್ಬರೂ ಹೊಟ್ಟೆಯೊಳಗೆ ಕ್ಯಾಮರಾ ಬಿಟ್ಟು ನೋಡಿಸಿಕೊಳ್ಳಲೇಬೇಕು. ಸಿಗರೇಟಂತೂ ಇವತ್ತೇ ಬಿಡಿ" ಎಂದು ತಮ್ಮನ ಕಡೆ ನೋಡಿದಳು.

ತಮ್ಮನ ಕಿವಿಗೆ ಹೋದದ್ದು ಒಂದೇ ಮಾತು: ನನಗಿಲ್ಲ. ಹೊರಗೆ ಬಂದವನೇ ಸಿಗರೇಟು ಹಚ್ಚಿದ. ಸಂಜೆಯೊಳಗೆ ವಿಷಯ ಸೋದರತ್ತೆಗೆ ಮುಟ್ಟಿತು, ಸೋದರತ್ತೆಯಿಂದ ಊರಿಗೆ. ಕಡ್ಡಿ ಗುಡ್ಡವಾಯಿತು. ಕಿಡಿಗೆ ಅಪ್ಪನ ಹೊಟ್ಟೆ ಬಂದಿದೆಯಂತೆ, ಇನ್ನು ಹೆಚ್ಚು ದಿನ ಇಲ್ಲವಂತೆ ಎಂದು ನನ್ನ ಅಂಗಡಿಗೆ ಬ್ರಷ್ ಕೊಳ್ಳಲು ಬಂದವರೂ ಪಿಸುಗುಟ್ಟಿದರು. ಗೇಟು ಮಾಡಿಸಬೇಕೆಂದಿದ್ದ ಒಬ್ಬ ಯಜಮಾನ ನನ್ನ ಬಳಿ ಬಂದು, "ಆಯಮ್ಮ ಕೆಲಸ ಮುಗಿಸೋವರೆಗೂ ಇರ್ತಾಳಾ?" ಎಂದು ಕೇಳಿದ. ನೀನೇ ಹೋಗಿ ಕೇಳು ಎಂದೆ. ಧೈರ್ಯ ಸಾಲದೆ ಹೋಗಿಬಿಟ್ಟ.

ನೆಂಟರ ಮನೆಯೊಂದರಲ್ಲಿ ಊಟಕ್ಕೆ ಹೋದಾಗ ಅದು ಮಿತಿಮೀರಿತು. ಎಲೆಯ ಮುಂದೆ ಕೂತ ಕಿಡಿಯಕ್ಕನನ್ನು ಹೆಂಗಸರೆಲ್ಲ ಒಂದು ಥರ ನೋಡುತ್ತಿದ್ದರು. ಬಡಿಸಲು ಬಂದವಳು ಅರ್ಧ ಸೌಟು ಹಾಕಿ, "ನಿಮಗೆ ಸಾಕಲ್ವಾ? ಪಾಪ, ಹೊಟ್ಟೆ ತಡೀಬೇಕಲ್ಲ" ಎಂದಳು. ಆಚೆ ಸಾಲಿನಿಂದ ಇನ್ನೊಂದು "ಪಾಪ" ಬಂತು. ಸೋದರತ್ತೆ ನಿಟ್ಟುಸಿರು ಬಿಟ್ಟಳು.

ಕಿಡಿಯಕ್ಕ ಎದ್ದು ನಿಂತಳು. "ಪಾಪ ಅನ್ನೋದನ್ನೆಲ್ಲ ನಾನು ಸತ್ತ ಮೇಲೆ ಒಟ್ಟಿಗೆ ಅಂದುಬಿಡಿ. ಈಗ ನನಗೆ ಹಸಿವಾಗಿದೆ. ಸೌಟು ತುಂಬ ಬಡಿಸಿ." ಬಡಿಸಿದ್ದನ್ನೆಲ್ಲ ಒಂದಗುಳೂ ಬಿಡದೆ ಉಂಡು, ಇನ್ನೊಮ್ಮೆ ಹಾಕಿಸಿಕೊಂಡಳು. ಎರಡನೆಯ ಸಲ ನಿಜಕ್ಕೂ ಬೇಡವಾಗಿತ್ತಂತೆ. "ಹಟಕ್ಕೆ ತಿಂದೆ ಕಣೋ, ರಾತ್ರಿಯೆಲ್ಲ ಉಬ್ಬರ" ಎಂದು ಮಾರನೆಯ ದಿನ ನನ್ನ ಕಟ್ಟೆಯ ಮೇಲೆ ಕೂತು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಹೆದರಿಕೆ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಸಣ್ಣ ತೇಗು ಬಂದ್ರೂ ಅಪ್ಪನ ಮುಖ ಕಣ್ಣ ಮುಂದೆ ಬರುತ್ತೆ. ಆದ್ರೆ ಹೆದರಿಕೊಂಡು ಮೂಲೇಲಿ ಕೂರೋಳಲ್ಲ ನಾನು" ಎಂದಳು.

ಮಾತಿನಂತೆ ಆಸ್ಪತ್ರೆಗೆ ಹೋದಳು. ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ, ಕೊಳವೆ ಇಳಿಸಿ ನೋಡಿದರು. ಹೊಟ್ಟೆಯ ಒಳಗೋಡೆ ಕೆಂಪಾಗಿತ್ತು, ಡಾಕ್ಟರಮ್ಮ ಹೇಳಿದ್ದ ಸೂಕ್ಷ್ಮಾಣುವೂ ಇತ್ತು. ಗಂತಿ ಇರಲಿಲ್ಲ. ಬಾಯೆಲ್ಲ ಕಹಿಯಾಗುವಂಥ ಮಾತ್ರೆಗಳನ್ನು ಹೊತ್ತುಹೊತ್ತಿಗೆ ನುಂಗಿ ಆ ಹುಳವನ್ನು ಓಡಿಸಿದಳು. ಮತ್ತೆ ಪರೀಕ್ಷೆ ಮಾಡಿದಾಗ ಅದರ ಸುಳಿವಿರಲಿಲ್ಲ.

ಆಮೇಲೆ ತಮ್ಮನ ಬೆನ್ನು ಹತ್ತಿದಳು. ಆ ಹೊತ್ತಿಗಾಗಲೇ ಅವನ ಅಂಗಿಕಿಸೆಯಲ್ಲಿ ಗ್ಯಾಸಿನ ಮಾತ್ರೆಯ ಪಟ್ಟಿ ಇರುವುದನ್ನು ಅವಳು ಕಂಡಿದ್ದಳು. ಮಧ್ಯಾಹ್ನದ ಬುತ್ತಿ ಅರ್ಧ ಉಳಿದು ನಾಯಿಗೆ ಹೋಗುವುದನ್ನು ನಾನೂ ಕಂಡಿದ್ದೆ.

"ಗ್ಯಾಸ್ ಸಿಲಿಂಡರು ಅಂಗಡೀಲಿದ್ರೆ ಸಾಕು, ನಿನ್ನ ಹೊಟ್ಟೇಲಿ ಯಾಕೆ? ನಾಳೆ ನಡಿ, ತೋರಿಸಿಕೊಂಡು ಬರೋಣ."

"ನನಗೇನಾಗಿದೆ ಅಕ್ಕ? ಆ ಅಕ್ಷರ ನಿನಗಿರೋದು, ನನಗಲ್ಲ. ಡಾಕ್ಟರೇ ಹೇಳಿದ್ದಾರೆ."

"ಡಾಕ್ಟರು ಹೇಳಿದ್ದು ನೂರು ಮಾತು. ನೀನು ನಿನಗೆ ಬೇಕಾದ ಒಂದನ್ನ ಆರಿಸಿಕೊಂಡೆ."

"ನಿನಗೆ ಭಯ ಅಂತ ನನ್ನನ್ಯಾಕೆ ಎಳೀತೀಯ?"

ವಾದ ಹೀಗೇ ವಾರಗಟ್ಟಲೆ ನಡೆಯಿತು. ಬೇಡಿದಳು, ಬೈದಳು, ಮಾತು ಬಿಟ್ಟಳು. ಎಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅದೇ ಸಮಯಕ್ಕೆ ದೊಡ್ಡದೊಂದು ಶಾಲೆಯ ಗೇಟಿನ ಕೆಲಸ ಕೈಯಲ್ಲಿತ್ತು. ಶಾಲೆ ಶುರುವಾಗುವ ಮುಂಚೆ ನಿಲ್ಲಿಸಿ ಕೊಡಬೇಕು. ತಮ್ಮ ಕೊನೆಯ ಸರಳುಗಳನ್ನು ಬೆಸೆಯುತ್ತಿದ್ದ. ಒಂದು ದಿನ ಬೆಳಗ್ಗೆ ಬಂದ ಕಿಡಿಯಕ್ಕ ಮುಖವಾಡಕ್ಕೆ ಕೈ ಹಾಕಲಿಲ್ಲ. ನೇರವಾಗಿ ಮೀಟರ್ ಬೋರ್ಡಿನ ಬಳಿ ಹೋಗಿ, ಮೇನ್ ಸ್ವಿಚ್ ಇಳಿಸಿ, ಫ್ಯೂಸು ಕಿತ್ತು ರವಿಕೆಯೊಳಗೆ ಸೇರಿಸಿದಳು. ತಮ್ಮನ ಕೈಯ ರಾಡಿನ ತುದಿಯಲ್ಲಿದ್ದ ಬೆಂಕಿ ಆರಿತು.

"ಏ! ಏನಾಯ್ತು?" ಎಂದು ಮುಖವಾಡ ಎತ್ತಿದ.

"ಕರೆಂಟು ನನ್ನ ಹತ್ರ ಇದೆ. ಹೊಟ್ಟೆ ತೋರಿಸಿಕೊಂಡು ಬಂದ ದಿನ ವಾಪಸ್ಸು ಕೊಡ್ತೀನಿ."

"ಹುಚ್ಚು ಹಿಡಿದಿದೆಯಾ ನಿನಗೆ? ಶಾಲೆಯೋರು ಬಂದು ನಿಂತ್ರೆ ಏನು ಹೇಳ್ತೀಯ?"

"ನನ್ನ ತಮ್ಮನ ಹೊಟ್ಟೆ ಅವರ ಗೇಟಿಗಿಂತ ಮುಖ್ಯ ಅಂತೀನಿ."

ಅವನು ರಾಡನ್ನು ನೆಲಕ್ಕೆ ಬಿಸಾಕಿದ. ಕೂಗಾಟಕ್ಕೆ ಬೀದಿಯೇ ಸೇರಿತು. ಅಂಗಡಿ ಅಪ್ಪನದು, ನಿನ್ನೊಬ್ಬಳದಲ್ಲ ಎಂದ. "ಅಪ್ಪನದೇ. ಅದಕ್ಕೇ ಅಪ್ಪನ ಥರ ಸಾಯೋಕೆ ನಿನ್ನ ಬಿಡಲ್ಲ" ಎಂದಳು. ಅವನು ದುರುಗುಟ್ಟಿಕೊಂಡು ಮನೆಗೆ ಹೋದ. ಅಲ್ಲಿ ಇನ್ನೊಂದು ಕಾದಿತ್ತು. ಅವನ ಹೆಂಡತಿ ಮಾತು ಕಮ್ಮಿಯವಳು, ಅತ್ತಿಗೆಯ ಎದುರು ದನಿ ಎತ್ತಿದವಳಲ್ಲ. ವಿಷಯ ಕೇಳಿ ಒಲೆ ಆರಿಸಿ ಅಡುಗೆಮನೆಯ ಬಾಗಿಲಿಗೆ ಬೀಗ ಹಾಕಿದಳಂತೆ. "ಅತ್ತಿಗೆ ಅಂಗಡಿ ಬಂದ್ ಮಾಡಿದ್ರೆ ನಾನು ಅಡುಗೆಮನೆ ಬಂದ್ ಮಾಡ್ತೀನಿ. ಹೇಗೂ ನೀವು ಅರ್ಧ ಊಟ ಚೆಲ್ಲೋರೇ ತಾನೆ."

ಹೆಂಗಸರಿಬ್ಬರ ಬಂದ್‌ಗೆ ಅವನು ಸೋತ. ಶಾಲೆಯವರು ಬಂದು ರೇಗಿದರು. ಕಿಡಿಯಕ್ಕ ಕೈಕಟ್ಟಿ ನಿಂತು ಎಲ್ಲ ಬೈಗುಳ ಕೇಳಿಸಿಕೊಂಡಳು, ಫ್ಯೂಸು ಮಾತ್ರ ಹೊರಗೆ ತೆಗೆಯಲಿಲ್ಲ. ಅದರ ಮರುದಿನ ತಮ್ಮ ಇಸ್ತ್ರಿಯ ಅಂಗಿ ಹಾಕಿಕೊಂಡು, ಮುಖ ಊದಿಸಿಕೊಂಡು ಅಂಗಡಿಯ ಮುಂದೆ ನಿಂತು, "ನಡಿ, ಏನೂ ಇಲ್ಲ ಅಂತ ಅವರ ಬಾಯಲ್ಲೇ ಹೇಳಿಸ್ತೀನಿ" ಎಂದ.

ಅವರು ಹಾಗೆ ಹೇಳಲಿಲ್ಲ. ಒಳಗೋಡೆಯಲ್ಲಿ ಹುಣ್ಣಿನಂಥ ಒಂದು ಜಾಗ ಕಂಡಿತು. ಚೂರು ಚಿವುಟಿ ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದೇ ಬಂತು. ಆದರೆ ಇನ್ನೂ ಎಳೆಯದು, ಆಳಕ್ಕೆ ಇಳಿದಿಲ್ಲ, ಹೊಟ್ಟೆಯ ಆ ಭಾಗ ತೆಗೆದರೆ ಗುಣವಾಗುವ ಭರವಸೆ ಚೆನ್ನಾಗಿದೆ ಎಂದರು ದೊಡ್ಡ ಡಾಕ್ಟರು. ಕಿಡಿಯಕ್ಕ ಆ ಸಂಜೆ ಫ್ಯೂಸು ಮತ್ತೆ ಹಾಕಿ, ಶಾಲೆಯ ಗೇಟನ್ನು ಒಬ್ಬಳೇ ಮುಗಿಸಿದಳು. ಮುಖವಾಡದ ಹಿಂದೆ ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೆಲಸವಂತೂ ಅಚ್ಚುಕಟ್ಟಾಗಿತ್ತು.

ಆಪರೇಷನ್ ಆಯಿತು. ವಾರ್ಡಿನಲ್ಲಿ ಎಚ್ಚರವಾಗಿ ಎರಡು ದಿನ ಕಳೆದ ಮೇಲೆ, ಅಕ್ಕ ನೀರಿನ ಲೋಟ ಹಿಡಿದು ಕೂತಿದ್ದಾಗ, ತಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದನಂತೆ: "ನಿನಗೆ ಬರಬೇಕಾಗಿದ್ದು ನನಗೆ ಬಂತು."

ಇದನ್ನು ನನಗೆ ಹೇಳಿದ್ದು ಕಿಡಿಯಕ್ಕನೇ. "ಸೂಜಿಗೆ ಹೆದರೋನು, ಹೊಟ್ಟೆ ಕೊಯ್ಸಿಕೊಂಡು ಮಲಗಿದ್ದ. ನೋವಿಗೆ ಅಂದ ಅಂತ ಗೊತ್ತು. ಆದ್ರೂ ಮುಳ್ಳು ಮುಳ್ಳೇ."

"ನೀನೇನಂದೆ?"

"ಬರಬೇಕಾದ್ದು ಅಂತ ಯಾರಿಗೂ ಯಾವುದೂ ಇಲ್ಲ ಕಣೋ, ಅಂದೆ. ಬಂತು, ಕೊಯ್ದು ಎಸೆದಾಯ್ತು. ಈಗ ತಿರುಗಿ ನೀರು ಕುಡಿ, ಅಂದೆ. ತಿರುಗಲಿಲ್ಲ. ನಾನೂ ಏಳಲಿಲ್ಲ. ಕಡೆಗೆ ಬಾಯಾರಿ ತಿರುಗಿದ."

ಮನೆಗೆ ಬಂದ ತಮ್ಮನನ್ನು ನೋಡಲು ನೆಂಟರೆಲ್ಲ ಬಂದರು. ಸೋದರತ್ತೆ ಅವನ ಕೈ ಹಿಡಿದು, "ನೋಡಿದ್ಯಾ, ಮೂರನೆಯೋನನ್ನೂ ಬಿಡಲಿಲ್ಲ. ರಕ್ತದಲ್ಲೇ ಬಂದಿರೋದು" ಎಂದು ಶುರುಮಾಡಿದಳು. ಕಿಡಿಯಕ್ಕ ನಡುಮನೆಯ ಬಾಗಿಲಿಗೆ ಅಡ್ಡ ನಿಂತಳು.

"ಅತ್ತೆ, ಯಾವ ರಕ್ತ? ಆ ಅಕ್ಷರ ಇರೋದು ನನ್ನ ರಕ್ತದಲ್ಲಿ, ಗಂತಿ ಬಂದಿದ್ದು ಇವನಿಗೆ. ಅಪ್ಪನಿಗೆ, ಅಣ್ಣನಿಗೆ, ನನಗೆ, ಇವನಿಗೆ, ಒಂದೇ ಪಾತ್ರೇಲಿ ಉಂಡು ಬೆಳೆದ ಎಲ್ಲರಿಗೂ ಆ ಹಾಳು ಹುಳ ಇದ್ದಿರಬಹುದು ಅಂತಾರೆ ಡಾಕ್ಟರು. ನಾವು ಎರಡು ತಲೆಮಾರು ಅದಕ್ಕೆ ಗ್ಯಾಸು ಅಂತ ಹೆಸರಿಟ್ಟು ಸಾಕಿದ್ವಿ. ಹಣೆಬರಹ ಅನ್ನೋ ಮಾತು ಈ ಮನೇಲಿ ಇನ್ನು ಸಾಕು. ಉಸಿರು ಊದಿಸಿ ನೋಡೋ ಪರೀಕ್ಷೆ ಇದೆ, ನೋವಿಲ್ಲ ನರಳಾಟವಿಲ್ಲ. ಎಲ್ಲರೂ ಬರ್ತಿದ್ದೀರ."

"ನನಗೆ ವಯಸ್ಸಾಯ್ತು ಬಿಡೇ."

"ವಯಸ್ಸಾದೋರಿಗೆ ಹೊಟ್ಟೆ ಇರಲ್ವಾ? ನೆನ್ನೆ ಊಟದಲ್ಲಿ ಕಾಣ್ತಾ ಇತ್ತಲ್ಲ."

ಹಾಸಿಗೆಯಲ್ಲಿದ್ದ ತಮ್ಮ ಹೊಲಿಗೆ ಹಿಡಿದುಕೊಂಡು ನಕ್ಕುಬಿಟ್ಟ. "ಅಯ್ಯೋ ನಗಿಸಬೇಡ ಅಕ್ಕ, ಬಿಚ್ಚಿಹೋಗುತ್ತೆ" ಎಂದ. ವಾರ್ಡಿನ ಆ ಮಾತಿನ ನಂತರ ಅವನು ಅಕ್ಕ ಎಂದು ಕರೆದದ್ದು ಅದೇ ಮೊದಲು.

ಎಲ್ಲರೂ ಬರಲಿಲ್ಲ. ಒಬ್ಬ ಚಿಕ್ಕಪ್ಪನ ಮಗ, ನಮ್ಮ ಮನೆಗೆ ಕಾಯಿಲೆಯ ಹೆಸರು ತರುತ್ತಿದ್ದೀಯ ಎಂದು ಜಗಳವಾಡಿ ಹೋದವನು ಇವತ್ತಿಗೂ ಅವಳ ಜೊತೆ ಮಾತಾಡುವುದಿಲ್ಲ. ಅವಳೂ ಬಿಟ್ಟಿಲ್ಲ, ಅವನ ಹೆಂಡತಿಯ ಮೂಲಕ ಪ್ರಯತ್ನ ನಡೆಸಿದ್ದಾಳೆ. ಬಂದವರಲ್ಲಿ ಹಲವರಿಗೆ ಹುಳ ಸಿಕ್ಕಿತು, ಮದ್ದಾಯಿತು. ದೊಡ್ಡಣ್ಣನ ಮಗಳಿಗೂ ಇತ್ತು. ಸೋದರತ್ತೆಗೆ ಏನೂ ಇರಲಿಲ್ಲ. ಅದನ್ನು ಅವಳು ಈಗ ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ.

ತಮ್ಮ ಮತ್ತೆ ಕೆಲಸಕ್ಕೆ ಬರುತ್ತಿದ್ದಾನೆ. ಸಣ್ಣ ಸಣ್ಣ ತುತ್ತು, ದಿನಕ್ಕೆ ಹಲವು ಸಲ. ಭಾರದ ಕಬ್ಬಿಣ ಎತ್ತುವಂತಿಲ್ಲ. ಸಿಗರೇಟು ಬಿಟ್ಟಿದ್ದಾನೆ, ಬಿಟ್ಟ ಸಿಟ್ಟನ್ನೆಲ್ಲ ಅಕ್ಕನ ಮೇಲೆ ತೀರಿಸುತ್ತಾನೆ. ಅಳತೆ ತಪ್ಪಿತೆಂದು ಇಬ್ಬರೂ ಬೀದಿಗೆ ಕೇಳುವಂತೆ ಕಿತ್ತಾಡುತ್ತಾರೆ. ಕಿವಿಗೆ ಅದು ಒಳ್ಳೆಯ ಸದ್ದು.

ಡಾಕ್ಟರಮ್ಮನ ಸಂಶೋಧನೆ ಇನ್ನೂ ಮುಗಿದಿಲ್ಲ. ಆ ಅಕ್ಷರದ ಪ್ರಭಾವ ಇದ್ದರೂ ಸಣ್ಣದಿರಬಹುದು, ಇನ್ನೂ ಹೆಚ್ಚು ಜನರಲ್ಲಿ ನೋಡಬೇಕು ಎನ್ನುತ್ತಾಳಂತೆ. ಕಿಡಿಯಕ್ಕ ತಾನೇ ಊರೆಲ್ಲ ಸುತ್ತಿ ಅವಳಿಗೆ ಜನ ಹಿಡಿದು ಕೊಡುತ್ತಾಳೆ. ನನ್ನ ತೋಳಿನಿಂದಲೂ ಒಂದು ಸೀಸೆ ಹೋಯಿತು.

ವರ್ಷಕ್ಕೊಮ್ಮೆ ಅವಳೂ ಕೊಳವೆ ನುಂಗಲು ಹೋಗುತ್ತಾಳೆ. ಈ ಸಲ ಜೊತೆಗೆ ನಾನು ಹೋಗಿದ್ದೆ. ಹೊಸದಾಗಿ ಬಂದಿದ್ದ ನರ್ಸೊಬ್ಬಳು ಕಿಡಿಯಕ್ಕನ ಬಾಯಿಗೆ ಔಷಧಿ ಸಿಂಪಡಿಸುತ್ತ, "ಹೆದರಿಕೆನಾ ಅಮ್ಮ?" ಎಂದಳು.

"ಹೂಂ ಮತ್ತೆ" ಎಂದಳು ಕಿಡಿಯಕ್ಕ. "ಹೆದರಿಕೆ ಇದೆ ಅಂತಾನೇ ಬಂದಿರೋದು. ಇಲ್ದಿದ್ರೆ ಮನೇಲಿ ಮಲಗಿರ್ತಿದ್ದೆ. ಇಳಿಸು, ಇಳಿಸು, ಅಂಗಡೀಲಿ ಕೆಲಸ ಇದೆ."